ಶಬ್ದದ ತೊಟ್ಟಿಯಲ್ಲಿ ಹಿಪ್ಪುನೇರಳೆ ಸೊಪ್ಪು

ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ನನ್ನ ಬದುಕು ಒಂದು ಸ್ಟೀಲ್ ತೊಟ್ಟಿಯ ಮರ್ಜಿಯಲ್ಲಿತ್ತು. ಮದುವೆಮನೆಯಲ್ಲಿ ಸಾರು ಬಡಿಸುವ ಬಕೆಟ್ಟಿನಷ್ಟು ನೀರು ಹಿಡಿಯುವ ತೊಟ್ಟಿ. ಗೆರೆಯವರೆಗೆ ನೀರು ತುಂಬಿ ಗುಂಡಿ ಒತ್ತಿದರೆ ತಳದಿಂದ ಮನುಷ್ಯರ ಕಿವಿಗೆ ಕೇಳದಷ್ಟು ಮೇಲಿನ ಶ್ರುತಿಯ ಶಬ್ದ ಹೊರಡುತ್ತದೆ. ಕೇಳುವುದಿಲ್ಲ ಎಂದು ಪುಸ್ತಕದಲ್ಲಿದೆ, ಅಷ್ಟೆ. ನನಗಂತೂ ಸಾವಿರ ಸೊಳ್ಳೆ ಒಟ್ಟಿಗೆ ಹಲ್ಲು ಕಡಿದ ಹಾಗೆ ಕೇಳುತ್ತಿತ್ತು. ಒಂದು ದಿನ ಬೇಸರಕ್ಕೆ ನಾನೇ ಬಾಯಲ್ಲಿ ಆ ಶಬ್ದ ಮಾಡುತ್ತ ಕೂತಿದ್ದೆ. ಪಕ್ಕದ ಕೋಣೆಯಿಂದ ನಮ್ಮ ಗೈಡ್ ಮೇಡಂ, "ಯಾರಪ್ಪ ಅದು, ಕೆಲ್ಸ ಮುಗಿದಿದ್ರೆ ಮಿಷಿನ್ ಆಫ್ ಮಾಡಿ" ಎಂದು ಕೂಗಿದರು. ನಾನು ಬಾಯಿ ಆಫ್ ಮಾಡಿಕೊಂಡೆ.

ಕೆಲಸ ಹೇಳಿದರೆ ಸುಲಭ. ಹಿಪ್ಪುನೇರಳೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲು ಬೆರೆಸಿದ ನೀರಿನ ಜೊತೆ ಫ್ಲಾಸ್ಕಿಗೆ ಹಾಕಿ, ಫ್ಲಾಸ್ಕನ್ನು ತೊಟ್ಟಿಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಡಬೇಕು. ಶಬ್ದದ ಹೊಡೆತಕ್ಕೆ ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಗುಳ್ಳೆಯ ಜೊತೆ ಎಲೆಯ ಕೋಶಗಳೂ ಒಡೆದು, ಒಳಗೆ ಅವಿತಿದ್ದ ಪಾಲಿಫಿನಾಲ್ ಎಂಬ ಪದಾರ್ಥ ಆಚೆ ಬರುತ್ತದೆ. ಸೋಸಿಕೊಂಡ ರಸಕ್ಕೆ ಒಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ. ನೀಲಿ ಗಾಢವಾದಷ್ಟೂ ಪದಾರ್ಥ ಹೆಚ್ಚು. ಗಂಟೆಗಟ್ಟಲೆ ಕುದಿಸಿ ತೆಗೆಯುವುದನ್ನು ಈ ತೊಟ್ಟಿ ಅರ್ಧ ಗಂಟೆಯಲ್ಲಿ ತೆಗೆಯುತ್ತದೆ ಎಂದು ತೋರಿಸುವುದೇ ನನ್ನ ಪ್ರಾಜೆಕ್ಟು.

ಮೇಡಂ ಹಾಕಿದ ಷರತ್ತು ಒಂದೇ. "ಮೂರು ಸಲ ಹೊಸದಾಗಿ ಸೊಪ್ಪು ತಂದು ಮೂರು ಸಲ ಮಾಡು. ಮೂರೂ ಹೊಂದಿದ್ರೆ ಸೈನ್ ಹಾಕ್ತೀನಿ. ಒಂದ್ ಸಲ ಬಂದಿದ್ದು ಅದೃಷ್ಟ ಕಣಪ್ಪ, ರಿಸಲ್ಟ್ ಅಲ್ಲ." ಸಹಿ ಇಲ್ಲದಿದ್ದರೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದಿದ್ದರೆ ಪದವಿಯಿಲ್ಲ, ಮುಂದಿನ ವರ್ಷ ಜೂನಿಯರುಗಳ ಜೊತೆ ಅದೇ ಬೆಂಚು. ಅವರಿಗೆಲ್ಲ ನಾನು ಈಗಾಗಲೇ ಒಂದೊಂದು ಅಡ್ಡಹೆಸರು ಇಟ್ಟಿದ್ದೆ. ಆ ಬೆಂಚಿನಲ್ಲಿ ನನಗೆ ಉಳಿಗಾಲವಿರಲಿಲ್ಲ.

ಸೊಪ್ಪಿಗೆ ನನಗೇನು ಬರ? ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಸೋದರತ್ತೆ ರೇಷ್ಮೆ ಹುಳ ಸಾಕುತ್ತಾಳೆ. ಚಾಕಿ ಹುಳ, ಅಂದರೆ ಮೊಟ್ಟೆಯೊಡೆದ ಎಳೆ ಹುಳವನ್ನು ಈಗ ಎಲ್ಲರೂ ಹೊರಗಿನಿಂದ ತರುತ್ತಾರೆ. ಅತ್ತೆ ಮಾತ್ರ, "ಇನ್ನೊಬ್ರು ಸಾಕಿದ ಕೂಸು ನಂಗ್ಯಾಕೆ" ಎಂದು ಮೊಟ್ಟೆಯಿಂದಲೇ ಶುರುಮಾಡುವವಳು. ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಹೋಗಿ ಇಳಿದರೆ, ಹುಳದ ಮನೆಯ ಬಾಗಿಲಲ್ಲೇ ನನಗೆ ತಡೆ.

"ನಿಂತ್ಕೋ ಅಲ್ಲೇ! ಸೆಂಟು ಹೊಡ್ಕಂಡ್ ಬಂದೌನೆ ನೋಡು, ಮದ್ವೆಗಂಡು. ಹುಳ ಮೇವು ಬಿಟ್ರೆ ನೀನ್ ಬಂದು ಗೂಡು ಕಟ್ತೀಯೇನೋ?"

"ಅತ್ತೆ, ಇದು ಸೆಂಟಲ್ಲ, ಬೆವರಿನ ವಾಸ್ನೆ ಬರ್ದಂಗೆ ಹಾಕ್ಕೊಳ್ಳೋದು."

"ಬೆವ್ರು ವಾಸ್ನೆ ಆದ್ರೂ ತಡ್ಕಂತವೆ ಕಣೋ. ಇದಕ್ಕೆ ಆಗಲ್ಲ."

ಹಾಗಾಗಿ ನಾನು ಬೇಲಿಯ ಆಚೆ ನಿಲ್ಲುವುದು, ಅತ್ತೆ ಒಂದು ಕಂತೆ ಸೊಪ್ಪು ಕಟ್ಟಿ ಕೈಗಿಡುವುದು, ನಾನು ಅದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತುವುದು. ಮೂರು ಸಲ ಹೀಗೇ ಆಯಿತು, ವಾರಕ್ಕೊಂದು ಸಲ. ವರದಿಯಲ್ಲಿ ನಾನು ಬಹಳ ಗತ್ತಿನಿಂದ ಬರೆದಿದ್ದೆ: ಒಂದೇ ತೋಟ, ಒಂದೇ ತಳಿ, ಒಂದೇ ಸೊಪ್ಪು.

ಮೊದಲ ಸಲ ನೀಲಿ ಬಣ್ಣ ಬಂದ ರೀತಿಗೆ ನಾನು ಲ್ಯಾಬಿನಲ್ಲೇ ಕುಣಿದೆ. ಎರಡನೇ ಸಲ ಅದು ಒಗೆದ ಸ್ಕೂಲ್ ಯೂನಿಫಾರಂ ನೀಲಿ. ಮೂರನೇ ಸಲ ಹತ್ತು ಸಲ ಒಗೆದ ಯೂನಿಫಾರಂ. ತೂಕ ಅದೇ, ಆಲ್ಕೋಹಾಲು ಅದೇ, ಸಮಯ ಅದೇ. ತೊಟ್ಟಿಯ ನೀರು ಬಿಸಿಯಾಗಬಾರದೆಂದು ಬಸ್ ಸ್ಟ್ಯಾಂಡಿನ ಎದುರಿನ ಜ್ಯೂಸ್ ಅಂಗಡಿಯಿಂದ ಐಸು ಹೊತ್ತು ತಂದವನೂ ಅದೇ ನಾನು. ಅಂಗಡಿಯವನು, "ದಿನಾ ಐಸು ಒಯ್ತೀರಲ್ಲ ಸಾರ್, ಕಾಲೇಜಲ್ಲಿ ಏನಾರಾ ಹೆಚ್ಚುಕಮ್ಮಿ ಆಗೈತಾ?" ಎಂದು ಮೆಲ್ಲಗೆ ಕೇಳಿದ್ದ. ಆಗೇ ಆಗಿತ್ತು, ಆದರೆ ಅವನು ಊಹಿಸಿದಂತೆ ಯಾರೂ ಸತ್ತಿರಲಿಲ್ಲ.

ಸಂಖ್ಯೆಗಳು ಮೆಟ್ಟಿಲಿಳಿದಂತೆ ಇಳಿಯುತ್ತಿದ್ದವು. ಮಿಷಿನ್ ಸೊರಗುತ್ತಿದೆ, ಅನುಮಾನವೇ ಇಲ್ಲ ಎಂದುಕೊಂಡೆ. ಸೊರಗಿಸಿದವರು ಯಾರೆಂಬುದೂ ನನಗೆ ಗೊತ್ತಿತ್ತು: ಲ್ಯಾಬಿನ ಅಟೆಂಡರಣ್ಣ. ಆ ತೊಟ್ಟಿ ಸಾಮಾನು ತೊಳೆಯುವುದಕ್ಕೂ ಬರುತ್ತದೆ. ಕನ್ನಡಕ, ಕಾಲ್ಗೆಜ್ಜೆ, ದೇವರ ಮನೆಯ ಬೆಳ್ಳಿ ಕುಂಕುಮ ಬಟ್ಟಲು, ಇಡೀ ಕಾಲೇಜಿನ ಸಿಬ್ಬಂದಿಯದೆಲ್ಲ ಅವರ ಕೈಯಿಂದ ಅಲ್ಲಿ ಮಿಂದೆದ್ದಿದ್ದವು. ಗೌರಿಹಬ್ಬದ ಹಿಂದಿನ ದಿನ ನನಗಿಂತ ಮುಂದೆ ಮೂರು ಜೊತೆ ದೀಪದ ಕಂಬಗಳು ಸರದಿಯಲ್ಲಿದ್ದವು.

ಮೇಡಂ ಮುಂದೆ, ನಾಲ್ಕು ಜನರೆದುರು, ನಾನು ಅಟೆಂಡರಣ್ಣನ ಧ್ವನಿಯನ್ನೇ ಹಾಕಿ ದೂರು ಕೊಟ್ಟೆ. "ಏಮಪ್ಪಾ, ಒಂದ್ ನಿಮಿಷ ಇರಪ್ಪಾ, ಅಮ್ಮಾವ್ರ ಗೆಜ್ಜೆ ಒಂದ್ ಮುಳುಗ್ಸಿ ತೆಗೀತೀನಿ!" ಎಲ್ಲರೂ ನಕ್ಕರು. ಚಿಂತಾಮಣಿ ಕಡೆಯ ತೆಲುಗು ಬೆರೆತ ಆ ರಾಗ ನನಗೆ ಅಚ್ಚುಕಟ್ಟಾಗಿ ಕೂತಿತ್ತು. ಬಾಗಿಲಲ್ಲೇ ನಿಂತಿದ್ದ ಅಟೆಂಡರಣ್ಣ ಮಾತ್ರ ನಗಲಿಲ್ಲ.

"ನಾನ್ ಹಾಳ್ ಮಾಡ್ದೆ ಅಂತೀಯಾ? ಬಾ ಇಲ್ಲಿ."

ತಮ್ಮ ಊಟದ ಪೊಟ್ಟಣ ಸುತ್ತಿದ್ದ ಅಲ್ಯುಮಿನಿಯಂ ಹಾಳೆಯನ್ನು ತೊಳೆದು ತಂದರು. ನೀರಲ್ಲಿ ಇಳಿಬಿಟ್ಟು ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಕಿಟಕಿಗೆ ಹಿಡಿದರೆ, ಜರಡಿಯ ಹಾಗೆ ಹಾಳೆಯ ತುಂಬ ಸೂಜಿಮೊನೆಯಷ್ಟು ತೂತುಗಳು, ಎಲ್ಲ ಕಡೆ ಒಂದೇ ಸಮ.

"ಸೊರಗಿರೋ ಮಿಷಿನ್ ಹಿಂಗ್ ಕೊರೀತೈತಾ? ಚೂಡು, ಕಣ್ ಬಿಟ್ ನೋಡು."

"ಅಣ್ಣ, ಚಿತ್ರಾನ್ನ ಕಟ್ಟಿದ ಹಾಳೆ. ಅದು ಮೊದಲೇ ತೂತಾಗಿತ್ತೇನೋ."

ಎಂಥ ಮಾತು! ಈಗ ನೆನೆದರೆ ನನಗೇ ನನ್ನ ತಲೆಗೊಂದು ಮೊಟಕಬೇಕು ಅನ್ನಿಸುತ್ತದೆ. ಅವರು ಹಾಳೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿ, ತೊಟ್ಟಿಯ ಕೋಣೆಯ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಮರುದಿನದಿಂದ ನನ್ನ ಜೊತೆ ಮಾತಿಲ್ಲ. ಮೇಡಂ ಕನ್ನಡಕದ ಮೇಲಿಂದ ನೋಡಿ, "ಮಿಷಿನ್ ಸರಿಯಿದೆ. ಮುಂದಿನ ಶುಕ್ರವಾರ ಕೊನೇ ದಿನ. ನಾಟಕ ಬಿಟ್ಟು ಇನ್ನೊಂದ್ಸಲ ಸೊಪ್ಪು ತಗೊಂಡ್ ಬಾ" ಎಂದರು.

ನಾಲ್ಕನೇ ಸಲ ಹೋದದ್ದು ಭಾನುವಾರ ಬೆಳಿಗ್ಗೆ. ಅಷ್ಟರಲ್ಲಿ ಅತ್ತೆಯ ಗೂಡೆಲ್ಲ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ, ಹುಳದ ಮನೆ ತೊಳೆದು ಬಾಗಿಲು ತೆರೆದಿಟ್ಟಿತ್ತು. ನನ್ನ ಸೆಂಟಿಗೂ ಆವತ್ತು ತಡೆಯಿರಲಿಲ್ಲ. ಅತ್ತೆ ಕುಡುಗೋಲು ಹಿಡಿದು ತೋಟದ ಬದುವಿನಲ್ಲಿ ನಿಂತು ಕೇಳಿದಳು:

"ಯಾವ್ ಸೊಪ್ಪು ಕೊಡ್ಲಪ್ಪಾ?"

"ಯಾವ್ ಸೊಪ್ಪಂದ್ರೆ? ಯಾವಾಗ್ಲೂ ಕೊಡ್ತಿದ್ಯಲ್ಲ, ಅದೇ."

"ಯಾವಾಗ್ಲೂ ಕೊಡೋದು ಅಂತ ಒಂದ್ ಎಲ್ಲೈತೋ? ಮೊದಲ್ನೇ ಸಲ ಚಾಕಿ ಇತ್ತು, ತುದೀದು ಎಳೇ ಎಲೆ ಕುಯ್ದಿದ್ದೆ, ಅದ್ರಲ್ಲೇ ನಿಂಗೂ ಕಟ್ಟಿದೆ. ಆಮೇಲ್ ಬಂದಾಗ ಹುಳ ಎರಡನೇ ಜ್ವರ ಎದ್ದಿದ್ವು, ನಡುವಿನ ಎಲೆ. ಹೋದ್ ಸಲ ನಾಲ್ಕನೇ ಜ್ವರ ಎದ್ದು ಬಕಾಸುರನಂಗ್ ತಿಂತಿದ್ವು, ಬಲಿತ ಸೊಪ್ಪು. ಹುಳ ಏನ್ ತಿಂತಿತ್ತೋ ಅದನ್ನೇ ನಿಂಗೂ ಕೊಟ್ಟೆ. ಈಗ ಹುಳ ಇಲ್ವಲ್ಲ, ಯಾರ್ನ ಕೇಳ್ಲಿ? ನೀನೇ ಹೇಳು."

ನಮ್ಮಲ್ಲಿ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಒಂದೊಂದು ಜ್ವರ ಕಳೆದ ಮೇಲೂ ಮೇವು ಬದಲಾಗುತ್ತದೆ. ಇದು ಗೊತ್ತಿಲ್ಲದ ಮಗು ಶಿಡ್ಲಘಟ್ಟದ ಸುತ್ತ ಹುಟ್ಟುವುದಿಲ್ಲ. ನಾನೂ ರಜೆಯಲ್ಲೆಲ್ಲ ಇದೇ ತೋಟದಲ್ಲಿ ಬೆಳೆದವನು, ಇದೇ ಅತ್ತೆ ಹುಳವನ್ನು ಬೈಯುವುದನ್ನು ಅನುಕರಿಸಿ ಮನೆಯವರನ್ನು ನಗಿಸಿದವನು. ಎಂ.ಎಸ್ಸಿ. ಓದಿದ್ದೇ ತಡ, ಸೊಪ್ಪೆಂದರೆ ಸೊಪ್ಪು ಎಂದು ಬರೆದುಬಿಟ್ಟಿದ್ದೆ.

"ಅತ್ತೆ, ಮೊದ್ಲೇ ಹೇಳ್ಬಾರ್ದಾ!"

"ನೀನ್ ಕೇಳ್ದ್ಯಾ? ಬೇಲಿ ಆಚೆ ನಿಂತ್ಕಂಡು ನನ್ನಂಗೆ ಮಾತಾಡಿ ಹಲ್ಲು ಕಿಸಿತಿದ್ದೆ. ಹುಳಕ್ಕೆ ಒಪ್ಪಿದ್ದು ನಿಂಗ್ ಒಪ್ಪಲ್ಲ ಅಂತ ನಂಗೇನ್ ಗೊತ್ತು?"

ಮೂರೂ ಬಗೆಯ ಹೊಸ ಸೊಪ್ಪು ಒಣಗಿಸಿ ಮೊದಲಿನಿಂದ ಎಲ್ಲ ಮಾಡುವಷ್ಟು ದಿನಗಳಿರಲಿಲ್ಲ. ಆದರೆ ಮೂರು ಸಲದ ಪುಡಿಯೂ ತಾರೀಕು ಬರೆದ ಬಾಟಲಿಗಳಲ್ಲಿ ಉಳಿದಿತ್ತು. ಒಂದೊಂದನ್ನೂ ಮೂರು ಮೂರು ಸಲ ಮಾಡಿದರೆ, ಮಿಷಿನ್ ಸುಳ್ಳು ಹೇಳುತ್ತದೋ ಇಲ್ಲವೋ ಗೊತ್ತಾಗುತ್ತದೆ. ಅದಕ್ಕೆ ಬೀಗದ ಕೈ ಬೇಕು, ಬೀಗದ ಕೈಗೆ ಅಟೆಂಡರಣ್ಣ ಬೇಕು. ಸೋಮವಾರ ಅವರ ಸ್ಟೂಲಿನ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವರು ಕೇಳಿಸಿಕೊಂಡು, "ನಾಲ್ಕ್ ಜನದ್ ಮುಂದೆ ಅಂದೆ, ಈಗ ಒಬ್ನೇ ಇರೋವಾಗ ಬಂದು ಹೇಳ್ತಿದ್ದೀಯ" ಎಂದರು. ಆ ನಾಲ್ಕು ಜನರನ್ನು ಹುಡುಕಿ ಕರೆತಂದೆ. ಒಬ್ಬ ಕ್ಯಾಂಟೀನಿನಲ್ಲಿ ಅರ್ಧ ದೋಸೆ ಬಿಟ್ಟು ಬಂದು ಈಗಲೂ ಅದನ್ನು ಎತ್ತಿ ಆಡುತ್ತಾನೆ. ಅವರೆಲ್ಲರ ಮುಂದೆ ಮತ್ತೆ ಹೇಳಿದ ಮೇಲೇ ಬೀಗ ತೆರೆದದ್ದು.

ಒಂಬತ್ತು ಫ್ಲಾಸ್ಕು, ಮೂರು ದಿನ. ಮಧ್ಯೆ ಎರಡು ಸಲ ಕರೆಂಟ್ ಹೋಗಿ, ಆ ಎರಡನ್ನೂ ಮೊದಲಿನಿಂದ ಮಾಡಿದೆ. ಕೊನೆಗೆ ಎಳೆಯ ಎಲೆಯ ಮೂರೂ ಒಂದೇ ಗಾಢ ನೀಲಿ, ನಡುವಿನ ಮೂರೂ ಒಂದೇ ನಡುವಿನ ನೀಲಿ, ಬಲಿತದ್ದರ ಮೂರೂ ಒಂದೇ ತಿಳಿ ನೀಲಿ. ಎಲೆ ಬಲಿತಷ್ಟೂ ಪದಾರ್ಥ ಕಡಿಮೆ; ತೊಟ್ಟಿ ಮೊದಲ ದಿನದಿಂದಲೂ ಅದನ್ನೇ ಸರಿಯಾಗಿ ಹೇಳುತ್ತಿತ್ತು.

ಶುಕ್ರವಾರ ಮೇಡಂ ಒಂಬತ್ತು ಸಂಖ್ಯೆಗಳ ಮೇಲೂ ಬೆರಳಾಡಿಸಿ ನೋಡಿದರು.

"ಹೊಂದ್ತಾವೆ. ಆದ್ರೆ ಯಾವ ತಾರೀಕು ಯಾವ ಎಲೆ ಅನ್ನೋದಕ್ಕೆ ಏನಪ್ಪಾ ದಾಖಲೆ? ನಿನ್ನ ಮಾತಾ?"

ಅತ್ತೆ ಮನೆಯ ಗೋಡೆಯ ಕ್ಯಾಲೆಂಡರನ್ನು ಫೋಟೋ ಹಿಡಿದು ತಂದಿದ್ದೆ. ಗ್ಯಾಸ್ ಬಂದ ದಿನ, ಏಕಾದಶಿ, ಹಾಲಿನ ಲೆಕ್ಕದ ಗೀಟುಗಳ ನಡುವೆ, ಹುಳ ಜ್ವರಕ್ಕೆ ಕೂತ ದಿನ, ಎದ್ದ ದಿನ ಎಲ್ಲಕ್ಕೂ ಕಾಡಿಗೆಯ ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು. ನಾನು ಒಂದೊಂದು ಸುತ್ತಿನ ಮೇಲೂ ಬೆರಳಿಟ್ಟು ವಿವರಿಸತೊಡಗಿದೆ. ಅಭ್ಯಾಸಬಲ, ಧ್ವನಿ ತಾನಾಗಿ ಅತ್ತೆಯದಾಯಿತು: "ಇಲ್ ನೋಡಮ್ಮಾ, ಇಲ್ ಎರಡನೇ ಜ್ವರ ಎದ್ದಿದ್ವು..."

ಮೇಡಂ ಕೈ ಎತ್ತಿದರು. "ನಿನ್ನ ಧ್ವನೀಲಿ ಹೇಳಪ್ಪ."

ಹೇಳಿದೆ. ಅದು ಸಣ್ಣಗೆ, ಒಂದೇ ಸಮನೆ, ಯಾವ ಊರಿನದೂ ಅಲ್ಲದ ಹಾಗಿತ್ತು. ಮೇಡಂ ಪೂರ್ತಿ ಕೇಳಿ, ಪೆನ್ನಿನ ಮುಚ್ಚಳ ತೆಗೆದು, ಮೊದಲ ಪುಟದಲ್ಲಿದ್ದ 'ಒಂದೇ ಸೊಪ್ಪು' ಎಂಬುದನ್ನು ಹೊಡೆದುಹಾಕಿದರು. ಕೆಳಗೆ ಸಹಿ ಮಾಡಿದರು.