ಭಾಗ್ಯ ಕಟ್ಟಿದ ಊರು, ನಾನು ಆರಿಸಿದ ಲಿನಕ್ಸ್

೨೦೨೩ರಲ್ಲಿ ಮಧುಗಿರಿ ಬಸ್ ನಿಲ್ದಾಣದ ಹಿಂದೆ ನಾನು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ಅಂಗಡಿ ಕೈಗೆ ಬಂತು. ಕಮಾಂಡುಗಳನ್ನು ಒಂದೊಂದೇ ಅಕ್ಷರ ನೋಡಿ ಒತ್ತಿ ಕಲಿತೆ.

ಇಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದ ರಾಯಚರ್ಲಿನ ಭಾಗ್ಯ ನಮ್ಮಲ್ಲಿಗೆ ಆಡಲು ಬರುತ್ತಿದ್ದಳು. ಪರದೆಯ ಮೇಲೆ ಕಲ್ಲು ಮಣ್ಣಿನ ಚೌಕಗಳನ್ನು ಜೋಡಿಸಿ ಊರು ಕಟ್ಟುವ ಆಟ. ಊರಿನ ಹೊಲಗಳ ತುಂಬ ಸೋಲಾರ್ ಪ್ಲೇಟುಗಳು ಬರುವ ಮೊದಲು ತಮ್ಮ ಹೊಲ, ಮನೆ ಹೇಗಿದ್ದವೋ ಹಾಗೇ ಕಟ್ಟಿದ್ದಳು. ಡೆಂಗಿ ಜ್ವರ ಬಂದು ಸತ್ತುಹೋದಳು. ಅವಳಪ್ಪ ಓಬಳೇಶ ಪ್ರತಿ ಶನಿವಾರ ಬಂದು ಆ ಊರಿನೊಳಗೆ ಓಡಾಡುತ್ತಿದ್ದ.

“ಎಮ್ಮೆ ಅಟ್ಟಿದಂಗೆ ಕೀಬೋರ್ಡು ಗುದ್ದಬೇಡ ಕಣಪ್ಪ, ಮೆಲ್ಲಗೊತ್ತು,” ಎನ್ನುತ್ತಿದ್ದೆ.

“ಕೂಲಿ ಕೈ ಅಕ್ಕಾ. ಮೆಲ್ಲಗೆ ಅಂದ್ರೆ ಇದಕ್ಕೆ ತಿಳಿಯಾಕಿಲ್ಲ.”

ಆ ಊರಿದ್ದದ್ದು ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ. ಕರೆಂಟು ಹೋದರೆ ಊರೂ ಬಂದ್. ಸಿರಾ, ಕೊರಟಗೆರೆಯಲ್ಲಿದ್ದ ಮಗಳ ಗೆಳತಿಯರು ಬೇಕೆಂದಾಗ ಅಲ್ಲಿಂದಲೇ ಅದರೊಳಗೆ ಬಂದುಹೋಗುವಂತಿರಲಿ ಎಂದು ಅವನು ಕೇಳಿದ. ವೆಬ್‌ಸೈಟ್ ಇಡುವ ಸಾಮಾನ್ಯ ಹೋಸ್ಟಿಂಗ್ ಇದಕ್ಕೆ ಆಗದು. ಆಟದ ಸರ್ವರ್ ಬಿಡುವಿಲ್ಲದೆ ಓಡಬೇಕು. ಹಾಗಾಗಿ ವಿಪಿಎಸ್ ಬಾಡಿಗೆಗೆ ಹಿಡಿದೆ. ಎಲ್ಲೋ ಇರುವ ದೊಡ್ಡ ಯಂತ್ರದಲ್ಲಿ ನಮಗೇ ಬಿಟ್ಟುಕೊಟ್ಟ ಒಂದು ಪಾಲು ಅದು. ಸಿಂಗಪುರಕ್ಕಿಂತ ಮುಂಬೈ ಹತ್ತಿರ, ಆಟ ತಡವರಿಸದು ಎಂದು ಮುಂಬೈ ಆರಿಸಿದೆ. ನಕಲು ತೆಗೆದಿಡುವ ಬ್ಯಾಕಪ್ ಬೇಕೇ ಎಂದು ಬಾಡಿಗೆ ಕೊಟ್ಟವರು ಕೇಳಿದರು, ಬೇಡ ಅಂದೆ. ಯಂತ್ರ ನಡೆಸಲು ಅಂಗಡಿಯಲ್ಲಿದ್ದ ಉಬುಂಟು ಎಂಬ ಲಿನಕ್ಸನ್ನೇ ಹಾಕಿ, ಊರನ್ನು ಅಲ್ಲಿಗೆ ನಕಲು ಮಾಡಿ, ಹಳೆಯ ಡಿಸ್ಕನ್ನು ಅಳಿಸಿ ಬೇರೆ ಕೆಲಸಕ್ಕೆ ಹಚ್ಚಿದೆ.

ನಮ್ಮ ಪಾಲಿನ ಮೆಮೊರಿ ಎರಡೇ ಜಿಬಿ. ಆರು ಜನ ಒಳಗೆ ಬಂದರೆ ಆಟ ನಿಂತುಬಿಡುತ್ತಿತ್ತು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಹಗುರ, ಮೆಮೊರಿ ಕಡಿಮೆ ತಿನ್ನುತ್ತದೆ ಎಂದು ಒಂದು ಶುಕ್ರವಾರ ಬದಲಾಯಿಸಲು ಕೂತೆ. ನನ್ನ ಅಂಗಡಿಯಲ್ಲಿ ಲಿನಕ್ಸ್ ಒಂದು ಡಿಸ್ಕಿನಲ್ಲಿ, ಗಿರಾಕಿಗಳ ಫೈಲು ಇನ್ನೊಂದರಲ್ಲಿ. ಎಷ್ಟು ಸಲ ಲಿನಕ್ಸ್ ಬದಲಾಯಿಸಿದರೂ ಫೈಲಿಗೆ ಏನೂ ಆಗುತ್ತಿರಲಿಲ್ಲ. ಇಲ್ಲೂ ಹಾಗೇ ಅಂದುಕೊಂಡೆ. ಕೆಂಪಕ್ಷರದಲ್ಲಿ ಇಂಗ್ಲಿಷ್ ಎಚ್ಚರಿಕೆ ಬಂತು. ಓದಲು ಬರಲಿಲ್ಲ, ಯಾರನ್ನೂ ಕೇಳಲಿಲ್ಲ, ಒತ್ತಿದೆ. ಅಲ್ಲಿದ್ದದ್ದು ಒಂದೇ ಡಿಸ್ಕು. ಎಲ್ಲ ಅಳಿಸಿಹೋಯಿತು.

ಮರುದಿನ ಓಬಳೇಶ ಬಂದ. ಕೂರುವ ಮೊದಲೇ ಹೇಳಿದೆ.

“ನಿನ್ ಮಗಳ ಊರು ಹೋಯ್ತು ಕಣಪ್ಪ. ನಾನೇ ಅಳಿಸ್ಬುಟ್ಟೆ.”

“ಸರ್ಯಾಗಿ ನೋಡಕ್ಕ. ಅಲ್ಲೇ ಎಲ್ಲಾದ್ರೂ ಇರ್ತದೆ.”

“ನೋಡಿದ್ದಾಯ್ತು, ಇಲ್ಲ. ಅವಳ ಗೆಳತೀರ್ಗೆ ಹೇಳಿ ಹಂಗೇ ಕಟ್ಟುಸ್ಕೊಡ್ತೀನಿ.”

ಅವನು ಪರದೆಯನ್ನು ನೋಡುತ್ತ ನಿಂತಿದ್ದ.

“ಬೇಡ ಬುಡಕ್ಕ. ಅವ್ಳು ಬಾಗ್ಲು ಸೊಟ್ಟಗೆ ಇಟ್ಟಿದ್ಳು. ಅವ್ರು ನೆಟ್ಟಗೆ ಇಡ್ತಾರೆ.”

ಯಾವ ಹೋಸ್ಟಿಂಗ್, ಯಾವ ಲಿನಕ್ಸ್ ಎಂದು ಜನ ಈಗಲೂ ಕೇಳುತ್ತಾರೆ. ಯಾವುದಾದರೂ ಹಾಕಿಕೊಳ್ಳಿ, ಮೊದಲು ಎರಡು ಕಡೆ ನಕಲು ಇಟ್ಟು, ಅದು ತೆರೆಯುತ್ತದೋ ನೋಡಿ ಎನ್ನುತ್ತೇನೆ. ಪಾಠ ಕಲಿತವಳು ನಾನು. ಓಬಳೇಶ ಆಮೇಲೆ ಬರಲಿಲ್ಲ.