ಕ್ಲೋದೆತ್ ಎಂದರೆ ಏನು

ಮಗ ಮಹಾಂತೇಶ ಬರೀ ಗಾಳಿ ತುಂಬಿದ ಚೀಲ ಎಂಬುದು ನೀಲವ್ವನಿಗೆ ಮೊದಲೇ ಗೊತ್ತಿತ್ತು. ವೈ-ಟು-ಕೆ ಕಾಲದ ಕಂಪ್ಯೂಟರ್ ಕೆಲಸ ಹಿಡಿದು ಅಮೆರಿಕದ ಮಾನ್ಮತ್ ಜಂಕ್ಷನ್ ಊರಿಗೆ ಬಂದ ಮೇಲೆ ಅವನು ‘ಮ್ಯಾಟ್’ ಆಗಿದ್ದ. ಸೊಸೆಯ ಬಾಣಂತನಕ್ಕೆ ಬಂದ ತಾಯಿಯ ಕುಂಟುಗಾಲು ಗೆಳೆಯರ ಕಣ್ಣಿಗೆ ಬೀಳಬಾರದೆಂದು, ನಾಮಕರಣದ ದಿನ ಒಳಕೋಣೆಯಲ್ಲೇ ಇರಲು ಹೇಳಿದ. ಅದೇ ಕಾಲಿನಲ್ಲಿ ಹೊಲಿಗೆ ಯಂತ್ರ ತುಳಿದು ಅವನನ್ನು ಇಂಜಿನಿಯರ್ ಮಾಡಿದವಳು ಒಳಗೇ ಕುಳಿತಳು.

ಹೊರಗೆ ಅವನ ದನಿ ಮೊಳಗಿತು: “ಕ್ಲೋದೆತ್! ಪ್ಯೂರ್ ಫ್ರೆಂಚ್ ನೇಮ್, ರಾಣಿಯರಿಗೆ ಇಡೋ ಹೆಸರು!”

ವಾರದ ನಂತರ ಸೊಸೆ ಸೌಜನ್ಯಾ ಲೈಬ್ರರಿಯಿಂದ ಹೆಸರುಗಳ ಪುಸ್ತಕ ತಂದು ಓದಿ, ಮುಖ ಸಪ್ಪಗೆ ಮಾಡಿಕೊಂಡಳು.

“ಕ್ಲೋದ್ ಅನ್ನೋದರಿಂದ ಬಂದಿದ್ದಂತೆ. ಮೂಲ ಲ್ಯಾಟಿನ್. ಅರ್ಥ ಕುಂಟ ಅಂತ, ಅತ್ತೆ.”

ನೀಲವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅವ್ವನ್ನ ಮುಚ್ಚಿಟ್ಟು ಅವ್ವನ ಹೆಸರ ಇಟ್ಟಿಯಲ್ಲೋ, ಶಾಣ್ಯಾ!”

“ಇಲ್ಲಿ ಯಾರಿಗೆ ಗೊತ್ತಾಗ್ತದ, ಬಿಡವ್ವಾ,” ಎಂದು ಅವನು ಗೊಣಗಿದ.

ಅಂದಿನಿಂದ ಮನೆಗೆ ಯಾರೇ ಬರಲಿ, ನೀಲವ್ವ ಕುಂಟುತ್ತಲೇ ಲಿವಿಂಗ್ ರೂಮಿಗೆ ಬಂದು ಮೊಮ್ಮಗಳನ್ನು ಎತ್ತಿಕೊಂಡು, ಪೂರ್ತಿ ಹೆಸರಿನಿಂದಲೇ ಗಟ್ಟಿಯಾಗಿ ಕರೆಯುತ್ತಿದ್ದಳು. ಮಹಾಂತೇಶ ಮಾತ್ರ ಮಗಳನ್ನು ‘ಪುಟ್ಟಿ’ ಎನ್ನತೊಡಗಿದ.