ಬಲಗಡೆಯ ಮುಂದಿನ ಚಕ್ರ

ಆ ಕಾರು ನನ್ನ ಹೆಂಡತಿಯದು. ಮನೆಗೆ ಬಂದ ದಿನದಿಂದ ಓಡಿಸುತ್ತಿದ್ದವಳು ಅವಳೇ. ನನಗೂ ಲೈಸೆನ್ಸ್ ಇತ್ತು, ಆದರೆ ನಾನು ಪಕ್ಕದ ಸೀಟಿನವನು. ಭಾನುವಾರ ಬೆಳಿಗ್ಗೆ ರಾಮಕೃಷ್ಣನಗರದ ನಮ್ಮ ಮನೆಯಿಂದ ಹೊರಟು, ಇಡೀ ಊರು ದಾಟಿ, ರಾಜೀವನಗರದಿಂದ ಅವಳ ತಾಯಿಯನ್ನು ಕರೆದುಕೊಂಡು ಬರುತ್ತಿದ್ದೆವು. ಅತ್ತೆ ಅಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದರು. ಮಧ್ಯಾಹ್ನ ನಮ್ಮಲ್ಲಿ ಊಟ, ಸಂಜೆ ವಾಪಸ್ಸು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ತಾಯಿ, ಮುಂದಿನಿಂದ ಮಗಳು ಮಾತಾಡುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದೆ.

ಜ್ವರ ಅಂತ ಆಸ್ಪತ್ರೆಗೆ ಸೇರಿದ ಹೆಂಡತಿ ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಜನ ಬಂದರು, ನನ್ನ ಭುಜ ಹಿಡಿದುಕೊಂಡು ಅತ್ತರು. ಅವರ ಕೈ ಭುಜದ ಮೇಲಿದೆ ಅನ್ನುವುದು ಗೊತ್ತಾಗುತ್ತಿತ್ತು, ಅಷ್ಟೇ. ತಿಥಿ ಮುಗಿದು ಎಲ್ಲರೂ ಹೋದ ಮೇಲೆ ಬಂದ ಮೊದಲ ಭಾನುವಾರ ನಾನು ಸ್ನಾನ ಮಾಡಿ, ಕಾರಿನ ಕೀ ತೆಗೆದುಕೊಂಡು ರಾಜೀವನಗರಕ್ಕೆ ಹೋದೆ. ಬರುತ್ತೇನೆ ಅಂತ ಫೋನು ಮಾಡಿರಲಿಲ್ಲ. ಅತ್ತೆ ಸೀರೆ ಉಟ್ಟು, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ಬಾಗಿಲು ತೆಗೆದು, ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಕೂತರು. ಪಕ್ಕದ ಸೀಟು ಖಾಲಿ ಇತ್ತು.

ಹಾಗೇ ನಡೆಯಿತು. ನಿಲ್ಲಿಸೋಣ ಅಂತ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಅನ್ನ, ಸಾರು ಮಾಡಿರುತ್ತಿದ್ದೆ. ಉಪ್ಪು ಹೆಚ್ಚೋ ಕಮ್ಮಿಯೋ ನನಗೆ ಗೊತ್ತಾಗುತ್ತಿರಲಿಲ್ಲ. ಅವರು ಡಬ್ಬಿಯಲ್ಲಿ ಏನಾದರೂ ತರುತ್ತಿದ್ದರು. ಊಟವಾದ ಮೇಲೆ ಅವರು ಮಗಳ ರೂಮಿನಲ್ಲಿ ಸ್ವಲ್ಪ ಹೊತ್ತು ಮಲಗುತ್ತಿದ್ದರು. ನಾನು ಹಾಲಿನಲ್ಲಿ ಪೇಪರು ಹಿಡಿದುಕೊಂಡು ಕೂರುತ್ತಿದ್ದೆ.

ಕಾರಿಗೆ ವಯಸ್ಸಾಗಿತ್ತು. ಅದು ಹೇಗೆ ಓಡಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ, ಹಾಗಾಗಿ ಏನು ಕೆಟ್ಟಿದೆ ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು. ಎಲ್ಲ ಕಾರೂ ಹೀಗೇ ಇರಬಹುದು ಅಂದುಕೊಂಡಿದ್ದೆ. ಒಂದು ಭಾನುವಾರ ಅತ್ತೆ ದಾರಿ ಮಧ್ಯೆ ಕಾರು ನಿಲ್ಲಿಸಲು ಹೇಳಿದರು.

"ಹಿಂದೆ ಕೂರಕ್ಕಾಗ್ತಿಲ್ಲ ಕಣ್ರೀ. ಹಂಪ್ ಬಂದ್ರೆ ಸೊಂಟ ಕಳಚಿ ಬಿದ್ದಂಗಾಯ್ತದೆ. ಮುಂದೆ ಕೂತ್ಕತೀನಿ."

ಅಳಿಯನ ಪಕ್ಕ ಸಮಸಮ ಕೂರುವವರಲ್ಲ ಅವರು. ಬೆಲ್ಟ್ ಎಳೆದುಕೊಳ್ಳಲು ಬರಲಿಲ್ಲ, ನಾನೇ ಹಾಕಿದೆ. ಕೂತ ಸ್ವಲ್ಪ ಹೊತ್ತಿಗೆ ಕಿವಿಗೊಟ್ಟು ಕೇಳಿ, "ಇಲ್ಲಿ ಮುಂದ್ಗಡೇನೂ ಏನೋ ಕಟಕಟ ಅಂತದಲ್ಲ" ಅಂದರು. ಆಮೇಲೆ ನನಗೂ ಕೇಳಿಸಿತು.

ಹೆಂಡತಿ ಕಾರು ಬಿಡುತ್ತಿದ್ದ ಗ್ಯಾರೇಜು ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿತ್ತು. ಮೆಕ್ಯಾನಿಕ್ ಕಾರನ್ನು ನೋಡಿದ ತಕ್ಷಣ ಗುರುತು ಹಿಡಿದ. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

"ಮೇಡಂ ಬರ್ಲಿಲ್ವಾ ಸಾರ್?"

"ಇಲ್ಲ."

ಜಾಕ್ ಕೊಟ್ಟು ಚಕ್ರ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಗುಂಡಿಯ ಹೊಡೆತ ತಡೆಯುವ ಹಿಂದಿನ ಶಾಕಪ್‌ಗಳು ಎಣ್ಣೆ ಸೋರಿ ಸತ್ತುಹೋಗಿವೆ, ಅದಕ್ಕೇ ಗಾಡಿ ಕುಣಿಯುತ್ತದೆ ಅಂದ. ಮುಂದಿನ ಬುಷ್‌ಗಳನ್ನು ಬಿಚ್ಚಿ ತೋರಿಸಿದ. ಹೆಬ್ಬೆರಳಷ್ಟು ದಪ್ಪದ ರಬ್ಬರು ಒಣಗಿ, ಬಿರುಕು ಬಿಟ್ಟು, ಮುಟ್ಟಿದರೆ ಉದುರುತ್ತಿತ್ತು. ಬಾಲ್ ಜಾಯಿಂಟ್ ಅಂತ ಇನ್ನೊಂದನ್ನು ತೋರಿಸಿ, ಚಕ್ರವನ್ನು ಗಾಡಿಗೆ ಹಿಡಿದುಕೊಂಡಿರುವುದು ಇದೇ, ಇದು ಸದ್ಯಕ್ಕೆ ಚೆನ್ನಾಗಿದೆ ಅಂದ.

"ಹೊಸದು ಹಾಕಿದರೆ ಎಷ್ಟು ದಿನ ಬರುತ್ತೆ?" ಅಂತ ಕೇಳಿದೆ. ಏನಾದರೂ ಕೇಳಬೇಕಲ್ಲ ಅಂತ.

"ಅದು ಹೇಳಕ್ಕಾಗಲ್ಲ ಸಾರ್. ರೋಡ್ ಚೆನ್ನಾಗಿದ್ರೆ ಶಾಕಪ್ ವರ್ಷಗಟ್ಟಲೆ ಬರುತ್ತೆ. ಬುಷ್ ಅದಕ್ಕಿಂತ ಮುಂಚೆ ಹೋಗುತ್ತೆ. ಗಾಡಿ ನಿಂತೇ ಇದ್ರೂ ರಬ್ಬರ್ ಒಣಗುತ್ತೆ. ಸ್ಟೀರಿಂಗ್ ರ‍್ಯಾಕ್ ಎಲ್ಲಕ್ಕಿಂತ ಗಟ್ಟಿ. ಬಾಲ್ ಜಾಯಿಂಟ್ ಮಾತ್ರ, ಅದರ ಮೇಲಿನ ರಬ್ಬರ್ ಟೋಪಿ ಹರೀದೇ ಇರೋವರ್ಗೂ ಇರುತ್ತೆ. ಹರಿದು ನೀರು, ಮಣ್ಣು ಒಳಗೆ ಹೋದ್ರೆ ಜಾಸ್ತಿ ದಿನ ಬರಲ್ಲ."

ಸಂಜೆ ಕಾರು ತೆಗೆದುಕೊಳ್ಳಲು ಹೋದಾಗ ಅವನು ಖುಷಿಯಾಗಿದ್ದ. "ಸ್ಟೀರಿಂಗ್ ಈಗ ಎಡಕ್ಕೆ ಎಳಿಯಲ್ಲ ಅಂತ ಮೇಡಂಗೆ ಹೇಳಿ ಸಾರ್. ಬಂದಾಗೆಲ್ಲ ಅದನ್ನೇ ಹೇಳ್ತಿದ್ರು."

"ಹೇಳ್ತೀನಿ" ಅಂದೆ.

ಕಾರು ನೆಟ್ಟಗೆ ಓಡತೊಡಗಿತು. ಅತ್ತೆ ಮತ್ತೆ ಹಿಂದಿನ ಸೀಟಿಗೆ ಹೋಗಲಿಲ್ಲ. ಮಳೆಗಾಲ ಬಂತು, ರಸ್ತೆಗಳು ಕಿತ್ತುಹೋದವು. ಗುಂಡಿಯಲ್ಲಿ ನೀರು ನಿಂತರೆ ಆಳ ಗೊತ್ತಾಗುತ್ತಿರಲಿಲ್ಲ. ಬಲಗಡೆಯ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಯಾವ ಗುಂಡಿಯಲ್ಲಿ ಹರಿಯಿತೋ ಕಾಣೆ. ಸದ್ದೇನೂ ಬರಲಿಲ್ಲ. ಬಂದಿದ್ದರೆ ಅತ್ತೆಗೆ ಕೇಳಿಸುತ್ತಿತ್ತು.

ಮಳೆ ಕಮ್ಮಿಯಾದ ಮೇಲೆ ಒಂದು ಭಾನುವಾರ, ಅವರನ್ನು ಕರೆದುಕೊಂಡು ಬರುತ್ತಿದ್ದೆ. ಹಂಪ್ ಇಳಿಸಿ ಬಲಕ್ಕೆ ತಿರುಗಿಸಿದೆ. ಕೆಳಗಿನಿಂದ ಟಪ್ಪಂತ ಒಂದು ಸದ್ದು ಬಂತು. ಕಾರಿನ ಬಲಮೂಲೆ ಕುಸಿದು ರಸ್ತೆಗೆ ಉಜ್ಜಿಕೊಂಡು ನಿಂತಿತು. ಸ್ಟೀರಿಂಗ್ ಕೈಯಲ್ಲಿ ಹಗುರಾಗಿ ತಿರುಗುತ್ತಿತ್ತು. ಹಿಂದೆ ಬರುತ್ತಿದ್ದ ಸಿಟಿ ಬಸ್ಸು ಹಾರ್ನ್ ಹೊಡೆದು, ನಮ್ಮನ್ನು ಬಳಸಿಕೊಂಡು ಹೋಯಿತು.

ನಾನು ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದೆ.

"ಇಳೀರಿ" ಅಂದರು ಅತ್ತೆ. ಬೆಲ್ಟ್ ಅವರೇ ಬಿಚ್ಚಿಕೊಂಡಿದ್ದರು.

ಇಳಿದು ನೋಡಿದೆ. ಮುಂದಿನ ಚಕ್ರ ಮುರಿದ ಕಾಲಿನ ಹಾಗೆ ಹೊರಕ್ಕೆ ವಾಲಿಕೊಂಡಿತ್ತು. ಆಟೋದವರೊಬ್ಬರು ಗಾಡಿ ನಿಲ್ಲಿಸಿ ಬಂದು ನೋಡಿ, "ರಿಂಗ್ ರೋಡಲ್ಲಿ ಸ್ಪೀಡಲ್ಲಿದ್ದಾಗ ಆಗಿದ್ರೆ ಇಬ್ರೂ ಉಳೀತಿರ್ಲಿಲ್ಲ ಸಾರ್" ಅಂದರು. ಹೌದು ಅಂದೆ. ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಗಾಡಿ ಎಳೆಯುವ ಲಾರಿ ಕರೆದುಕೊಂಡು ಬರುತ್ತೇನೆ, ಸ್ವಲ್ಪ ಹೊತ್ತಾಗುತ್ತೆ ಅಂದ.

ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ವಾಲಿದ ಚಕ್ರದ ಕಡೆ ನೋಡುತ್ತಾ ಕೇಳಿದರು.

"ನಿಮ್ಗೆ ಭಯ ಆಗ್ಲಿಲ್ವಾ?"

"ಇಲ್ಲ ಅತ್ತೆ."

"ನಂಗೂ ಆಗ್ಲಿಲ್ಲ. ಆಗ್ಬೇಕಿತ್ತು." ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿದರು. "ಅವಳು ಹೋದಾಗ್ಲಿಂದ ಇಂಗೇ ಆಗದೆ. ಕೈಮೇಲೆ ಬಿಸಿ ಎಣ್ಣೆ ಹಾರಿದ್ರೂ ಒಂದು ಗಳಿಗೆ ಬುಟ್ಟು ಗೊತ್ತಾಯ್ತದೆ. ನಿಮ್ಗೂ ಅಂಗೇನಾ?"

"ಹೌದು."

"ನನ್ ತಂಗಿ ಕೇಳ್ತಾಳೆ, ಅಲ್ಲಿ ಹೋಗಿ ಏನ್ ಮಾಡ್ತೀಯ ಅಂತ. ನೀವು ಬರ್ತೀರಲ್ಲ, ಅದ್ಕೇ ಹೊರಡ್ತೀನಿ."

"ನೀವು ಕಾಯ್ತಿರ್ತೀರ ಅಂತ ನಾನು ಬರ್ತೀನಿ."

ಅವರು ನನ್ನ ಮುಖ ನೋಡಿದರು. ನಗು ಬರಬೇಕಾದ ಜಾಗ ಅದು. ಇಬ್ಬರಿಗೂ ಬರಲಿಲ್ಲ. "ಸರಿ ಬುಡಿ" ಅಂದು ಡಬ್ಬಿ ತೆಗೆದರು. ಒತ್ತುಶ್ಯಾವಿಗೆ ಇತ್ತು. ಮೆಟ್ಟಿಲ ಮೇಲೆ ಕೂತೇ ಕೈಯಲ್ಲಿ ತಿಂದೆವು.

ಮೆಕ್ಯಾನಿಕ್ ಬಂದು ಚಕ್ರದ ಕೆಳಗೆ ಬಗ್ಗಿ ನೋಡಿದ. ಎದ್ದವನು ಅತ್ತೆಯನ್ನು ನೋಡಿ ಕೈಮುಗಿದ. "ಮೇಡಂ ತಾಯಿ ಅಲ್ವಾ? ಅವರೆಲ್ಲಿ ಅಮ್ಮಾ, ಮನೇಲಿದ್ದಾರಾ?"

"ಅವಳು ತೀರ್ಕಂಡು ವರ್ಸ ಆಗ್ತಾ ಬಂತು ಕಣಪ್ಪ."

ಅವನು ನನ್ನ ಕಡೆ ತಿರುಗಿದ. ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸುತ್ತಾ ಲಾರಿಯ ಚೈನು ಹಾಕಲು ಹೋದ.

ಎರಡೂ ಕಡೆಯ ಬಾಲ್ ಜಾಯಿಂಟು, ಸ್ಟೀರಿಂಗಿನ ಟೈ ರಾಡ್ ತುದಿಗಳು ಎಲ್ಲ ಹೊಸದಾದವು. ಮಳೆಗಾಲ ಮುಗಿದಾಗಲೆಲ್ಲ ಒಂದು ಸಲ ರಬ್ಬರು ತೋರಿಸಿಕೊಂಡು ಹೋಗಿ ಅಂದ. ಹೋಗುತ್ತೇನೆ.

ಆಮೇಲಿನ ಭಾನುವಾರವೂ ಅತ್ತೆ ಬಂದರು, ಅದರ ಮುಂದಿನ ವಾರವೂ ಬಂದರು. ಆಮೇಲೆ ಒಂದು ಶನಿವಾರ ಫೋನು ಮಾಡಿದರು. "ನಾಳೆ ಬೇಡ ಕಣ್ರೀ. ತಂಗಿ ಜೊತೆ ಮದುವೆಗೆ ಹೋಗ್ಬೇಕು. ನೀವು ಮನೇಲಿ ಮಲ್ಕಳಿ." ಆಗಲಿ ಅಂದೆ. ಈಗ ಕೆಲವು ಭಾನುವಾರ ಬರುತ್ತಾರೆ, ಕೆಲವು ಭಾನುವಾರ ಬೇಡ ಅನ್ನುತ್ತಾರೆ. ಮೊದಲೇ ಫೋನು ಮಾಡಿ ಕೇಳಿ ಹೋಗುತ್ತೇನೆ.

ಅವರು ಮೊದಲ ಸಲ ಬರದೆ ಇದ್ದ ಆ ಭಾನುವಾರ ನಾನು ತಡವಾಗಿ ಎದ್ದು, ಸ್ವಲ್ಪವೇ ಅನ್ನ ಇಟ್ಟು, ಬೇಳೆ ಸಾರು ಮಾಡಿದೆ. ಒಬ್ಬನೇ ಕೂತು ಕಲಸಿ ಬಾಯಿಗಿಟ್ಟಾಗ ಉಪ್ಪು ಕಮ್ಮಿ ಅನ್ನಿಸಿತು. ಎದ್ದು ಹೋಗಿ ಹಾಕಿಕೊಂಡು ಬಂದು ಕೂತೆ.